ಒಂಬತ್ತನೇ ಕೋಣೆಯ ಹಾಸಿಗೆ

"ವಿಷ ಇಳಿಸೋ ಚಿಕಿತ್ಸೆ ಅಂತ ಮೂರು ಕಡೆ ಬರೆದಿದ್ದೀರಿ. ಮೂರೂ ಒಂದೇನಾ, ಬೇರೆ ಬೇರೇನಾ?"

ದೊಡ್ಡಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಬಿಲ್ಲಿನ ಮೂರನೇ ಹಾಳೆಯ ಮೇಲೆ ಬೆರಳಿಟ್ಟು ಕೂತಿದ್ದಳು. ಕೇಳಿದ ದನಿಯಲ್ಲಿ ಜಗಳವಿರಲಿಲ್ಲ. ಬದನೆಕಾಯಿ ಹುಳುಕೋ ಅಲ್ಲವೋ ಎಂದು ತರಕಾರಿಯವನನ್ನು ಕೇಳುವಾಗಿನ ದನಿ ಅದು.

ಮೇಜಿನ ಆಚೆ ಕೂತಿದ್ದ, ಆ ಕುಡಿತ ಬಿಡಿಸುವ ಕೇಂದ್ರದ ಡೈರೆಕ್ಟರ್ ನಕ್ಕ. ಅವನ ನಗೆಯೂ ಆ ಕೋಣೆಯ ಗೋಡೆಯೂ ಹೊಸದಾಗಿ ಬಣ್ಣ ಬಳಿದಂತಿದ್ದವು. ಮುಟ್ಟಿದರೆ ಕೈಗೆ ಹತ್ತುತ್ತದೇನೋ.

"ಅಮ್ಮ, ಅದು ಪ್ಯಾಕೇಜಿನ ಒಳಗೇ ಬರತ್ತೆ. ಒಂದೊಂದು ಪ್ಯಾಕೇಜಿಗೆ ಒಂದೊಂದು ಸಲ."

"ಪ್ಯಾಕೇಜು ಮೂರಿರಬಹುದು. ನನ್ನ ತಮ್ಮನ ಮೈ ಒಂದೇ ತಾನೆ?"

ಪಕ್ಕದ ಕುರ್ಚಿಯಲ್ಲಿದ್ದ ನಾದಿನಿ, ತಮ್ಮನ ಹೆಂಡತಿ, ದೊಡ್ಡಕ್ಕನ ಮೊಣಕೈಯನ್ನು ಮೆಲ್ಲಗೆ ಮುಟ್ಟಿದಳು. ಜೋರು ಮಾಡಬೇಡಿ ಅನ್ನುವ ಮುಟ್ಟು. ಪಾಪದ ಹೆಣ್ಣು. ಐವತ್ತೆಂಟು ದಿನಗಳಿಂದ ಸರಿಯಾಗಿ ನಿದ್ದೆಯಿಲ್ಲ; ಇವತ್ತು ಸ್ವೆಟರಿನ ಗುಂಡಿಯನ್ನೂ ಒಂದು ಕಾಜ ಬಿಟ್ಟು ಹಾಕಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ದೊಡ್ಡಕ್ಕನೇ ಅದನ್ನು ಬಿಚ್ಚಿ ಸರಿಯಾಗಿ ಹಾಕಿದ್ದಳು, ಮಗುವಿಗೆ ಹಾಕುವ ಹಾಗೆ.

ಐವತ್ತೆಂಟು ದಿನಗಳ ಹಿಂದೆ, ಲೇಥ್ ಮೆಷಿನ್ನಿನ ಮುಂದೆ ನಿಂತು ಕಬ್ಬಿಣವನ್ನು ಬೆಣ್ಣೆಯಂತೆ ಕೊರೆಯುತ್ತಿದ್ದ ಆ ತಮ್ಮನನ್ನು ಈ ಕೇಂದ್ರದ ಗೇಟಿನೊಳಗೆ ಬಿಟ್ಟು ಹೋದ ಮೇಲೆ, ಅವನ ಮುಖ ಹಾಗಿರಲಿ, ದನಿಯನ್ನು ಕೂಡ ಮನೆಯವರು ಕೇಳಿರಲಿಲ್ಲ. ತಪ್ಪದೆ ಬರುತ್ತಿದ್ದದ್ದು ಬಿಲ್ಲು ಮಾತ್ರ.

ಮೊದಲ ಪ್ಯಾಕೇಜಿಗೆ ದೊಡ್ಡಕ್ಕ ನಿವೃತ್ತಿಯಾದಾಗ ಬಂದ ಗಂಟು ಹೋಗಿತ್ತು. ಎರಡನೆಯದಕ್ಕೆ ನಾದಿನಿಯ ಕೈಬಳೆ, ಕಿವಿಯೋಲೆ. ನಾಡಿದ್ದಿನಿಂದ ಶುರುವಾಗುವ ಮೂರನೆಯದಕ್ಕೆ ಉಳಿದದ್ದು ಲೇಥ್ ಮೆಷಿನ್ ಒಂದೇ. ಅದನ್ನು ಕೊಳ್ಳುವವನನ್ನೂ ಡೈರೆಕ್ಟರೇ ಹುಡುಕಿ ಕೊಟ್ಟಿದ್ದ. ಮಾರಾಟದ ಕಾಗದ ಮೇಜಿನ ಮೇಲೆ, ಬಿಲ್ಲಿನ ಪಕ್ಕದಲ್ಲಿ, ಪೆನ್ನಿನ ಸಮೇತ ಕಾಯುತ್ತಿತ್ತು. ನಾದಿನಿ ರುಜು ಹಾಕಿದರೆ ತಮ್ಮನ ಅನ್ನದ ದಾರಿ ಮುಚ್ಚಿತು. ಹಾಕದಿದ್ದರೆ ಚಿಕಿತ್ಸೆ ನಿಂತಿತು.

"ನೋಡಿ ಅಮ್ಮ," ಡೈರೆಕ್ಟರ್ ಕೈಗಡಿಯಾರ ನೋಡಿದ. "ಹನ್ನೊಂದೂವರೆ ಒಳಗೆ ಒಂದು ತೀರ್ಮಾನಕ್ಕೆ ಬನ್ನಿ. ನಡುವೆ ನಿಲ್ಲಿಸಿದರೆ ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ."

"ತೊಳೆಯೋ ಮೊದಲು ಹಣ್ಣು ಎಲ್ಲಿದೆ ನೋಡೋಣ," ಎಂದಳು ದೊಡ್ಡಕ್ಕ. "ನಾನು ಓದಿದವಳಲ್ಲ ಸ್ವಾಮಿ. ನಿಧಾನಕ್ಕೆ ತಿಳಿಸಿ ಹೇಳಿ. ಕೋಣೆ ಬಾಡಿಗೆ ದಿನದ ಲೆಕ್ಕ. ಅದು ಸರಿ, ಎಷ್ಟು ದಿನ ಇರ್ತಾನೋ ಅಷ್ಟು. ಊಟ ದಿನದ ಲೆಕ್ಕ. ಸರಿ. ಡಾಕ್ಟರು ಬಂದು ನೋಡಿದ್ದು ಸಲದ ಲೆಕ್ಕ. ಕೂರಿಸಿಕೊಂಡು ಮಾತಾಡೋದು ಗಂಟೆ ಲೆಕ್ಕ. ಅದೂ ಸರಿ. ಈ ವಿಷ ಇಳಿಸೋದು ಮಾತ್ರ ಯಾವ ಲೆಕ್ಕ? ಕುಡಿಯೋದು ಬಿಟ್ಟ ಮೊದಲ ವಾರ, ಹತ್ತು ದಿನದ ಕೆಲಸ ಅದು. ಮೈ ನಡುಗತ್ತೆ, ಬೆವರತ್ತೆ, ವಾಂತಿ ಆಗತ್ತೆ. ಔಷಧಿ ಕೊಡ್ತಾರೆ, ಪಕ್ಕದಲ್ಲಿ ಒಬ್ಬರು ಕೂತಿರ್ತಾರೆ. ಅದಕ್ಕೆ ದುಡ್ಡು ಜಾಸ್ತಿ, ಒಪ್ಪಿದೆ. ಒಂದು ಸಲ ಇಳಿದದ್ದನ್ನ ಎರಡನೇ ಸಲ ಇಳಿಸಬೇಕಾದರೆ ನಡುವೆ ಏರಿರಬೇಕು. ಗೇಟಿಗೆ ಬೀಗ, ಕಿಟಕಿಗೆ ಸರಳು. ಏರಿಸಿದವರು ಯಾರು?"

ಡೈರೆಕ್ಟರ್ ಪೆನ್ನನ್ನು ಒಮ್ಮೆ ತಿರುಗಿಸಿ ಇಟ್ಟ.

"ಓದಿಲ್ಲ ಅಂತೀರಿ, ಬಹಳ ತಿಳಿದುಕೊಂಡಿದ್ದೀರಿ."

"ಓದದವರಿಗೆ ಕೇಳೋದೊಂದೇ ದಾರಿ. ಆಯ್ತು, ಅದು ಬಿಡಿ. ಅವನನ್ನ ಕರೆಸಿ, ಒಂದು ಸಲ ನೋಡಿ ಹೋಗ್ತೀವಿ."

"ಈಗ ಗುಂಪಿನಲ್ಲಿ ಕೂತಿದ್ದಾರೆ. ಮನೆಯವರ ಮುಖ ಕಂಡರೆ ಮನಸ್ಸು ಮತ್ತೆ ಹಿಂದಕ್ಕೆ ಎಳೆಯತ್ತೆ. ಮೂರನೇ ಹಂತ ಮುಗಿಯೋವರೆಗೆ ಭೇಟಿ ಇಲ್ಲ. ನೀವೇ ರುಜು ಹಾಕಿದ ನಿಯಮ ಅದು."

"ಮೊದಲು ಮೂವತ್ತು ದಿನ ಅಂದಿರಿ. ಆಮೇಲೆ ಅರವತ್ತು ಅಂದಿರಿ. ಈಗ ಮೂರನೇ ಹಂತ. ನಿಮ್ಮ ನಿಯಮಕ್ಕೂ ಹುಣಸೆ ಕೊಂಬೆಗೂ ಎಳೆದಷ್ಟೂ ಬಗ್ಗೋ ಗುಣ." ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. "ಸರಿ, ಮನುಷ್ಯನನ್ನು ತೋರಿಸಬೇಡಿ. ಅವನು ಮಲಗೋ ಕೋಣೆ ತೋರಿಸಿ. ಸ್ಪೆಷಲ್ ಅಂತ ದಿನಕ್ಕೆ ಎರಡು ಸಾವಿರ ಹಾಕಿದ್ದೀರಿ. ಇನ್ನೂ ಮೂವತ್ತು ದಿನಕ್ಕೆ ಕೊಡೋರು ಕಣ್ಣಲ್ಲಾದರೂ ನೋಡಬಾರದಾ?"

ಡೈರೆಕ್ಟರ್ ಅರೆಗಳಿಗೆ ಯೋಚಿಸಿದ. ಕೋಣೆ ನೋಡಿ ಒಬ್ಬ ಮುದುಕಿ ಏನು ಕಂಡಾಳು? ಅದರಲ್ಲೂ ಅವನ ಕೋಣೆಗಳು ಚೆನ್ನಾಗಿದ್ದವು. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದ. ಎದುರಿಗೆ ಕೂತಿರುವವಳು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಕೋಣೆಯನ್ನು ಇಪ್ಪತ್ತಾರು ವರ್ಷ ನೋಡಿಕೊಂಡವಳು, ದಿನಕ್ಕೆ ಆರುನೂರು ಹಾಸಿಗೆಗಳ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವಳು ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಬನ್ನಿ," ಎಂದು ಎದ್ದ. "ನಮ್ಮಲ್ಲಿ ಮುಚ್ಚುಮರೆ ಏನಿಲ್ಲ."

*

ಒಂಬತ್ತನೇ ಕೋಣೆ ಪಡಸಾಲೆಯ ಕೊನೆಯಲ್ಲಿತ್ತು. ಬಾಗಿಲು ತೆಗೆದ ಕೂಡಲೆ ಬಿಸಿಲು ಎದುರಿಗೆ ಬಂತು. ಕಿಟಕಿಯ ಹತ್ತಿರ ಪುಟ್ಟ ಮೇಜು, ಮೇಜಿನ ಮೇಲೆ ಲೋಟ, ಲೋಟದಲ್ಲಿ ಹಲ್ಲುಜ್ಜುವ ಬ್ರಷ್. ಗೂಟಕ್ಕೆ ನೀಲಿ ಟವೆಲ್. ಮಂಚದ ಕೆಳಗೆ ಜೋಡಿ ಚಪ್ಪಲಿ. ಹಾಸಿಗೆಯ ಹೊದಿಕೆ ಎಷ್ಟು ಬಿಗಿಯಾಗಿತ್ತೆಂದರೆ ಮೇಲೆ ನಾಣ್ಯ ಹಾಕಿದರೆ ಪುಟಿಯಬೇಕು.

"ದಿನಾ ಬೆಳಗ್ಗೆ ಅವರೇ ಹಾಸಿಗೆ ಸರಿ ಮಾಡ್ತಾರೆ," ಎಂದ ಡೈರೆಕ್ಟರ್. "ಶಿಸ್ತು ಕಲಿತಿದ್ದಾರೆ."

ನಾದಿನಿ ಮಂಚದ ತಲೆಯ ಕಡೆ ಹೋಗಿ ದಿಂಬಿನ ಮೇಲೆ ಅಂಗೈ ಇಟ್ಟಳು. ಮನೆಯಲ್ಲಿ ತನ್ನ ಹೊದಿಕೆಯನ್ನು ಒಂದು ದಿನವೂ ಮಡಚದಿದ್ದ ಗಂಡ ಇಲ್ಲಿ ಹಾಸಿಗೆ ಸರಿ ಮಾಡುತ್ತಾನೆ. ಅವಳ ಕಣ್ಣು ತುಂಬಿತು. ಅಷ್ಟು ಸಣ್ಣ ಮಾತಿಗೆ ಇಡೀ ಮೆಷಿನ್ ಕೊಟ್ಟುಬಿಡಲು ಅವಳು ತಯಾರಾಗಿದ್ದಾಳೆ ಎನ್ನುವುದು ದೊಡ್ಡಕ್ಕನಿಗೆ ಕಂಡಿತು. ಡೈರೆಕ್ಟರನಿಗೂ ಕಂಡಿತು.

"ಹಾಸಿಗೆ ಮೆತ್ತಗಿದೆಯಾ ನೋಡ್ತೀನಿ," ಎಂದು ದೊಡ್ಡಕ್ಕ ಮಂಚದ ಅಂಚಿಗೆ ಕೂತಳು. ಕೂತವಳು ಕಾಲ ಕಡೆಯ ಮೂಲೆಯಲ್ಲಿ ಹೊದಿಕೆಯನ್ನೂ ಅದರ ಕೆಳಗಿನ ಬಿಳಿ ಬಟ್ಟೆಯನ್ನೂ ಒಟ್ಟಿಗೆ ಎತ್ತಿ, ಕೆಳಗೆ ಕೈ ತೂರಿಸಿದಳು.

ಕೆಳಗೆ ರಬ್ಬರ್ ಶೀಟು ಇತ್ತು. ಇರಲೇಬೇಕು, ಬೆವರಿ ನಡುಗುವವರ ಹಾಸಿಗೆಗೆ ಅದಿಲ್ಲದೆ ಆಗುವುದಿಲ್ಲ. ಬಿಲ್ಲಿನಲ್ಲೂ ಇತ್ತು: ರಬ್ಬರ್ ಶೀಟು ಎರಡು, ದಾಖಲಾದ ದಿನದ ತಾರೀಕು.

ಬಟ್ಟೆ ಕೋಣೆಗೆ ಹೊಸದಾಗಿ ಸೇರಿದವರಿಗೆ ದೊಡ್ಡಕ್ಕ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಒಂದಿತ್ತು. ಬಟ್ಟೆಯನ್ನು ಮಡಚಬಹುದು, ರಬ್ಬರ್ ಶೀಟನ್ನು ಮಡಚಬಾರದು. ತೊಳೆದು, ನೆರಳಲ್ಲಿ ಒಣಗಿಸಿ, ಚಾಪೆಯಂತೆ ಸುತ್ತಿಡಬೇಕು. ಮಡಚಿದರೆ ಗೆರೆ ಬಿದ್ದಲ್ಲೇ ಬಿರಿಯುತ್ತದೆ. ಮಡಚಿದ ರಬ್ಬರ್ ಶೀಟನ್ನು ನೀವು ನೋಡುವುದು ಒಂದೇ ಸಲ, ಕಾರ್ಖಾನೆಯಿಂದ ಬಂದಾಗ. ಅಂಟಿಕೊಳ್ಳದಿರಲಿ ಎಂದು ಅವರು ಬಿಳಿ ಪುಡಿ ಉದುರಿಸಿ, ನಾಲ್ಕಾಗಿ ಮಡಚಿ ಕಳಿಸುತ್ತಾರೆ. ಹಾಸಿದ ಮೊದಲ ವಾರದಲ್ಲೇ ಆ ಮಡಿಕೆ ಮನುಷ್ಯನ ಮೈಭಾರಕ್ಕೆ ಸತ್ತುಹೋಗುತ್ತದೆ. ಪುಡಿ ಮೊದಲ ತೊಳೆತಕ್ಕೇ ಹೋಗುತ್ತದೆ.

ದೊಡ್ಡಕ್ಕನ ಬೆರಳಿಗೆ ಮಡಿಕೆಯ ಗೆರೆ ಸಿಕ್ಕಿತು. ಉದ್ದಕ್ಕೊಂದು, ಅಡ್ಡಕ್ಕೊಂದು. ಎರಡೂ ಕತ್ತಿಯ ಅಂಚಿನಷ್ಟು ಚೂಪಾಗಿದ್ದವು.

ಅವಳು ಕೈ ಹೊರಗೆ ತೆಗೆದು ಮೆಲ್ಲಗೆ ಮುಷ್ಟಿ ಕಟ್ಟಿಕೊಂಡಳು. ಐವತ್ತೆಂಟು ದಿನ. ಈ ಹಾಸಿಗೆಯ ಮೇಲೆ ಒಂದು ಬೆಕ್ಕು ಕೂಡ ಮಲಗಿಲ್ಲ.

ಹಾಗಾದರೆ ನನ್ನ ತಮ್ಮ ಎಲ್ಲಿ?

ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಈಗ ಕೂಗಿದರೆ ನಾದಿನಿ ಇಲ್ಲೇ ಕುಸಿಯುತ್ತಾಳೆ, ಈ ಮನುಷ್ಯ ಹತ್ತು ಸುಳ್ಳು ಹೊಸೆಯುತ್ತಾನೆ. ಒಂದು ಸುಳಿವು ಸಾಲದು. ಎರಡು ಬೇಕು.

"ಚೆನ್ನಾಗಿದೆ," ಎಂದಳು. "ಬಚ್ಚಲು ಎಲ್ಲಿ? ವಯಸ್ಸಾಯ್ತು ನೋಡಿ, ಹೊತ್ತು ಗೊತ್ತು ಇಲ್ಲ."

*

ಬಚ್ಚಲಿನ ಎದುರಿಗೇ ಬಟ್ಟೆ ಕೋಣೆ. ಇಂಥ ಕಟ್ಟಡಗಳಲ್ಲಿ ಅದು ಅಲ್ಲೇ ಇರುತ್ತದೆ, ನೀರಿನ ಪಕ್ಕ. ಒಳಗೆ ನಡುವಯಸ್ಸಿನ ಹೆಂಗಸೊಬ್ಬಳು ದಿಂಬಿನ ಕವರುಗಳನ್ನು ಎಣಿಸುತ್ತ ನಿಂತಿದ್ದಳು. ದೊಡ್ಡಕ್ಕ ಕೇಳದೆ ಒಳಗೆ ಹೋಗಿ, ಜಾರುತ್ತಿದ್ದ ಒಂದು ಅಟ್ಟಿಯನ್ನು ಎಡಗೈಯಿಂದ ಒತ್ತಿ ಸರಿ ಮಾಡಿದಳು.

"ಮುಟ್ಟಬೇಡಿ ಅಮ್ಮ, ಅದು ಈಗ ಒಗೆದು ಬಂದದ್ದು. ಕೆಳಗೆ ಹೋಗಬೇಕು."

"ಗೊತ್ತು. ಹೊಸ ಒಗೆತ ಕೆಳಗೆ ಇಡೋದು, ಬೇಕಾದ್ದು ಮೇಲಿಂದ ತೆಗೆಯೋದು. ಇಲ್ಲದಿದ್ರೆ ಮೇಲಿನದೇ ಸವೆದು ಕೆಳಗಿನದು ಹಳದಿ ಆಗತ್ತೆ."

ಹೆಂಗಸು ಎಣಿಕೆ ಬಿಟ್ಟು ತಿರುಗಿ ನೋಡಿದಳು. "ನೀವೂ ಇದೇ ಕೆಲಸದವರಾ?"

"ಇಪ್ಪತ್ತಾರು ವರ್ಷ. ಇವತ್ತಿಗೂ ನಿದ್ದೇಲಿ ಶೀಟು ಎಣಿಸ್ತೀನಿ ಅಂತ ಮನೆಯವರು ನಗ್ತಾರೆ."

ಹೆಂಗಸು ನಕ್ಕಳು. ಒಂದೇ ಕಸುಬಿನವರು ಸಿಕ್ಕಾಗ ಬರುವ ನಗೆ. "ಇಲ್ಲಿ ಎಣಿಸೋಕೆ ನಾನೊಬ್ಬಳೇ. ಇಪ್ಪತ್ತು ಹಾಸಿಗೆ. ಹೊಸದಾಗಿ ಸೇರಿದವರದ್ದಂತೂ ದಿನಕ್ಕೆ ನಾಲ್ಕು ಸಲ ಬದಲಾಯಿಸಬೇಕು. ಸೊಂಟ ಬಿದ್ದುಹೋಗಿದೆ."

"ಪಾಪ. ಒಂಬತ್ತರದ್ದೂ ಹಾಗೇನಾ?"

"ಒಂಬತ್ತಾ? ಆ ಕೋಣೆಯಿಂದ ನನಗೆ ಒಂದು ಟವೆಲ್ಲೂ ಬಂದದ್ದಿಲ್ಲ. ಖಾಲಿ ಕೋಣೆಗೆ ಏನು ಬಟ್ಟೆ? ಇವತ್ತು ಬೆಳಗ್ಗೆ ಯಾರೋ ಫೋನು ಮಾಡಿ ಬರ್ತೀವಿ ಅಂದರಂತೆ, ಹೊಸ ಸೆಟ್ಟು ಬಿಚ್ಚಿ ಹಾಸು ಅಂದರು. ಹಾಸಿದೆ."

ಫೋನು ಮಾಡಿದವಳು ನಾದಿನಿ. ಬರುತ್ತೇವೆಂದು ಹೇಳದೆ ಹೋದರೆ ಮರ್ಯಾದೆಯಲ್ಲ ಎಂದು ಬೆಳಗ್ಗೆ ಎದ್ದವಳೇ ಫೋನು ಮಾಡಿದ್ದಳು. ದೊಡ್ಡಕ್ಕ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡಳು. ಒಳ್ಳೆಯತನಕ್ಕೂ ಒಂದು ಬೇಲಿ ಬೇಕು ತಾಯಿ.

"ನನ್ನ ತಮ್ಮ ಆ ಕೋಣೇಲಿ ಇದಾನೆ ಅಂತ ಐವತ್ತೆಂಟು ದಿನದಿಂದ ದುಡ್ಡು ಕಟ್ತಿದ್ದೀವಿ," ಎಂದಳು. "ಲೇಥ್ ಕೆಲಸದವನು. ಎತ್ತರದ ಆಳು. ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿದೆ."

ಹೆಂಗಸಿನ ನಗೆ ಆರಿತು. ಅವಳು ದಿಂಬಿನ ಕವರೊಂದನ್ನು ತೆಗೆದುಕೊಂಡು, ಈಗಾಗಲೇ ಮಡಚಿದ್ದನ್ನು ಬಿಡಿಸಿ, ಮತ್ತೆ ಮಡಚತೊಡಗಿದಳು.

"ನೀವು ಹೋಗಿ ಅಮ್ಮ. ನನಗೆ ಇಬ್ಬರು ಹೆಣ್ಣುಮಕ್ಕಳು. ಈ ಕೆಲಸ ಬೇಕು."

"ಬದುಕಿದ್ದಾನಾ? ಅಷ್ಟು ಹೇಳು. ಬೇರೆ ಏನೂ ಬೇಡ."

ಪಡಸಾಲೆಯಲ್ಲಿ ಬೂಟಿನ ಸದ್ದು ಹತ್ತಿರವಾಯಿತು. ಹೆಂಗಸು ತಲೆ ಎತ್ತಲಿಲ್ಲ. ತುಟಿ ಮಾತ್ರ ಅಲುಗಿತು.

"ಹಾಸಿಗೆ ಬಟ್ಟೆ ಕೇಳಬೇಡಿ. ದಿನಕ್ಕೊಂದು ಬಿಳಿ ಶರ್ಟು ಇಸ್ತ್ರಿ ಮಾಡಿ ಕೊಡ್ತೀನಲ್ಲ, ಅದು ಯಾರಿಗೆ ಅಂತ ಕೇಳಿ."

*

ಆಫೀಸಿಗೆ ವಾಪಸ್ಸು ಬಂದಾಗ ನಾದಿನಿ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದಳು. ಡೈರೆಕ್ಟರ್ ಬೆರಳಿಂದ ರುಜು ಹಾಕಬೇಕಾದ ಜಾಗ ತೋರಿಸುತ್ತಿದ್ದ.

"ನಿಲ್ಲು," ಎಂದಳು ದೊಡ್ಡಕ್ಕ.

ಅವಳು ಮೇಜಿನ ಹತ್ತಿರ ಬಂದು, ಬಚ್ಚಲಿಗೆ ಹೋಗಿಯೂ ತೊಳೆದುಕೊಳ್ಳದೆ ಉಳಿಸಿಕೊಂಡಿದ್ದ ಕೈಯನ್ನು ಬಿಚ್ಚಿ, ಡೈರೆಕ್ಟರನ ಕಪ್ಪು ಡೈರಿಯ ಮೇಲೆ ಒತ್ತಿದಳು. ಎತ್ತಿದಾಗ ನಾಲ್ಕು ಬೆರಳಿನ ಗುರುತು ಬೆಳ್ಳಗೆ ಮೂಡಿತ್ತು.

"ಏನಿದು?"

"ನಿಮ್ಮ ಒಂಬತ್ತನೇ ಕೋಣೆಯ ರಬ್ಬರ್ ಶೀಟಿನ ಪುಡಿ. ಹೊಸ ಶೀಟಿನದ್ದು. ಅದರ ಮಡಿಕೆ ಇನ್ನೂ ಮುರಿದಿಲ್ಲ. ಅದರ ಮೇಲೆ ಯಾರೂ ಮಲಗಿಲ್ಲ."

ನಾದಿನಿಯ ಕೈಯಲ್ಲಿದ್ದ ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ನಿಂತಿತು.

"ಅದಾ?" ಡೈರೆಕ್ಟರ್ ಮತ್ತೆ ನಕ್ಕ. ಈ ಸಲ ಬಣ್ಣ ಸ್ವಲ್ಪ ತೆಳುವಾಗಿತ್ತು. "ಇವತ್ತು ಬೆಳಗ್ಗೆ ತಾನೆ ಬದಲಾಯಿಸಿದ್ದು. ಶುಚಿ ಬಗ್ಗೆ ನಾವು ಬಹಳ ಕಟ್ಟುನಿಟ್ಟು."

"ಬದಲಾಯಿಸಿದ್ರೆ ಹಳೇದು ಇರಬೇಕಲ್ಲ. ತರಿಸಿ. ಇಷ್ಟು ದಿನ ಬಿದ್ದು ಹೊರಳಾಡಿದ ಶೀಟು ಹೇಗಿರತ್ತೆ ಅಂತ ನನಗೆ ಗೊತ್ತು."

"ಹಳೇದು ಎರಡೂ ಎಸೆದಾಯ್ತು."

"ದಾಖಲಾದ ದಿನ ಎರಡು ಕೊಟ್ಟಿದ್ದೀವಿ ಅಂತ ಬರೆದಿದ್ದೀರಿ. ಎರಡೂ ಎಸೆದು ಮೂರನೇದು ಹಾಸಿದ್ರೆ ಅದು ಬಿಲ್ಲಿನಲ್ಲಿಲ್ಲ. ನೀರು ಕುಡಿದ ಲೋಟಕ್ಕೂ ದುಡ್ಡು ಹಾಕೋ ನೀವು ಅದೊಂದನ್ನ ಪುಕ್ಕಟೆ ಕೊಟ್ಟಿರಾ?"

ಡೈರೆಕ್ಟರ್ ಗೋಡೆಯ ಗಡಿಯಾರ ನೋಡಿದ. ಹನ್ನೊಂದೂ ಇಪ್ಪತ್ತು. ಬಾಗಿಲ ಕಡೆ ನೋಡಿದ. ಆಮೇಲೆ ಕುರ್ಚಿಗೆ ಒರಗಿಕೊಂಡು ದನಿಯಲ್ಲಿದ್ದ ಸಕ್ಕರೆಯನ್ನೆಲ್ಲ ಒರೆಸಿ ಹಾಕಿದ.

"ನಿಮ್ಮ ತಮ್ಮನಂಥವರನ್ನು ಯಾವ ಆಸ್ಪತ್ರೆಯೂ ಸೇರಿಸಿಕೊಳ್ಳಲ್ಲ, ಗೊತ್ತಿರಲಿ. ನಾನು ಸೇರಿಸಿಕೊಂಡೆ. ನೀವು ಇಲ್ಲಿ ಗಲಾಟೆ ಮಾಡಿದ್ರೆ ನಾನು ಒಂದೇ ಒಂದು ಸಾಲು ಬರೀತೀನಿ. ಪೇಶಂಟ್ ಗೋಡೆ ಹಾರಿ ಓಡಿಹೋದ ಅಂತ. ಆಮೇಲೆ ನನ್ನ ಜವಾಬ್ದಾರಿ ಇಲ್ಲ. ಪೊಲೀಸರು ನಿಮ್ಮ ಮನೆಗೆ ಬಂದು ಹುಡುಕ್ತಾರೆ. ಅಕ್ಕಪಕ್ಕದವರ ಮುಂದೆ."

ನಾದಿನಿ ಬಿಳುಚಿಕೊಂಡಳು. ಅಕ್ಕಪಕ್ಕದವರು ಅನ್ನುವ ಮಾತು ಅವಳಿಗೆ ಚಾಕುವಿನ ಹಾಗೆ. ಗಂಡ ಬೇರೆ ಊರಿನಲ್ಲಿ ಕೆಲಸಕ್ಕೆ ಹೋಗಿದ್ದಾನೆಂದು ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದಳು.

ದೊಡ್ಡಕ್ಕ ಮಾತ್ರ ಕುರ್ಚಿ ಎಳೆದುಕೊಂಡು ಕೂತಳು. ಆರಾಮಾಗಿ ಕೂತಳು.

"ಬರೀರಿ."

"ಏನು?"

"ಓಡಿಹೋದ ಅಂತ ಬರೀರಿ. ಈಗಲೇ. ನನ್ನ ಕಣ್ಣ ಮುಂದೆ. ತಾರೀಕು ಹಾಕೋದು ಮರೀಬೇಡಿ." ಅವಳೇ ನಾದಿನಿಯ ಕೈಯಿಂದ ಪೆನ್ನು ತೆಗೆದು ಅವನ ಮುಂದಿಟ್ಟಳು. "ಯಾವ ತಾರೀಕು ಹಾಕ್ತೀರಿ? ಇವತ್ತಿಂದು ಹಾಕಿದ್ರೆ, ನಿನ್ನೆವರೆಗೆ ಇದ್ದವನು ಎಲ್ಲಿ ಮಲಗಿದ್ದ ಅಂತ ಪೊಲೀಸರೂ ಕೇಳ್ತಾರೆ, ನಾನೂ ಕೇಳ್ತೀನಿ. ಹಿಂದಿನ ತಾರೀಕು ಹಾಕಿದ್ರೆ, ಓಡಿಹೋದವನ ಊಟಕ್ಕೆ, ಔಷಧಿಗೆ, ಎರಡನೇ ಸಲದ ವಿಷಕ್ಕೆ ನಮ್ಮಿಂದ ಯಾಕೆ ಕಿತ್ತುಕೊಂಡಿರಿ ಅಂತ ಕೇಳ್ತೀನಿ. ಯಾವುದಾದರೂ ಆಗಬಹುದು. ನಿಮ್ಮ ಇಷ್ಟ."

ಪೆನ್ನು ಮೇಜಿನ ಮೇಲೆಯೇ ಬಿದ್ದಿತ್ತು. ಡೈರೆಕ್ಟರ್ ಅದನ್ನು ಮುಟ್ಟಲಿಲ್ಲ. ಅವಳನ್ನು ಬಿಟ್ಟು ನಾದಿನಿಯ ಕಡೆ ಬಾಗಿದ.

"ಇವರ ಮಾತು ಕೇಳಬೇಡಿ ಅಮ್ಮ. ಇವರಿಗೇನು, ಬರೀ ಅಕ್ಕ ತಾನೆ. ನಾಳೆ ತಮ್ಮ ಇಲ್ಲದಿದ್ರೂ ಬದುಕ್ತಾರೆ. ನಿಮ್ಮ ಕತೆ ಹಾಗಲ್ಲ. ಒಂದೇ ಮಾತು ಹೇಳಿ. ಗಂಡ ಬೇಕಾ, ಮೆಷಿನ್ ಬೇಕಾ?"

ಈ ಮಾತಿಗೆ ಉತ್ತರ ಕೊಡುವ ಹಕ್ಕು ತನ್ನದಲ್ಲ ಎಂದು ದೊಡ್ಡಕ್ಕನಿಗೆ ಗೊತ್ತಿತ್ತು. ತಮ್ಮನ ಎಳೆಯ ಕೈಯನ್ನು ಅಂಗಿಯ ತೋಳಿನೊಳಗೆ ತೂರಿಸಿದವಳು ತಾನಿರಬಹುದು, ಅವನು ಕುಡಿದು ಬಂದಾಗ ಆ ಅಂಗಿಯನ್ನು ಬಿಚ್ಚಿ ಮಲಗಿಸಿದವಳು ಇವಳು.

ನಾದಿನಿ ಮಾರಾಟದ ಕಾಗದವನ್ನು ಕೈಗೆತ್ತಿಕೊಂಡಳು. ಓದಲಿಲ್ಲ. ಎರಡಾಗಿ ಮಡಚಿದಳು, ನಾಲ್ಕಾಗಿ ಮಡಚಿದಳು, ಕೈಚೀಲದೊಳಗೆ ಹಾಕಿ ಜಿಪ್ ಎಳೆದಳು.

"ಮೆಷಿನ್ ಮಾರಲ್ಲ," ಎಂದಳು. "ಅವರು ವಾಪಸ್ಸು ಬಂದರೆ ಕೈಗೆ ಕೆಲಸ ಬೇಕಲ್ಲ. ಬರದೇ ಹೋದರೆ ನಾನೇ ಕಲಿತು ಓಡಿಸ್ತೀನಿ. ನೀವು ಕೇಳಿದ್ದಕ್ಕೆ ಉತ್ತರ ಆಯ್ತು. ಈಗ ನಾನು ಕೇಳ್ತೀನಿ. ನನ್ನ ಗಂಡ ಎಲ್ಲಿ?"

ದೊಡ್ಡಕ್ಕ ಅವಳನ್ನು ಹೊಸದಾಗಿ ನೋಡುವಂತೆ ನೋಡಿದಳು. ಹನ್ನೆರಡು ವರ್ಷದಿಂದ ನೋಡುತ್ತಿದ್ದ ನಾದಿನಿ. ಜೋರಾಗಿ ಬಾಗಿಲು ಹಾಕಿದರೂ ಬೆಚ್ಚುವವಳು.

"ಅವಳು ಕೇಳಿದ್ದು ಕೇಳಿಸ್ತಾ?" ಎಂದಳು. "ನಾನೂ ಒಂದು ಕೇಳೋದಿದೆ. ದಿನಾ ಒಂದು ಬಿಳಿ ಶರ್ಟು ಇಸ್ತ್ರಿ ಆಗತ್ತಂತಲ್ಲ ಇಲ್ಲಿ. ಅದು ಯಾರಿಗೆ?"

ಇಷ್ಟು ಹೊತ್ತು ಕಲ್ಲಿನಂತಿದ್ದ ಮನುಷ್ಯ ಸಟ್ಟನೆ ಎದ್ದು ನಿಂತ. ಅವನ ಮೈಮೇಲಿದ್ದದ್ದು ನೀಲಿ ಪಟ್ಟೆಯ ಶರ್ಟು.

"ಯಾರು ಹೇಳಿದರು ನಿಮಗೆ?"

"ನಾನು ಕೇಳಿದ್ದು ಯಾರಿಗೆ ಅಂತ. ಯಾರು ಹೇಳಿದ್ದು ಅಂತ ಅಲ್ಲ."

"ಎದ್ದೇಳಿ. ಹಿಂದಿನ ಬಾಗಿಲಿಂದ ಹೋಗಿ. ನಾಳೆ ಬನ್ನಿ, ಕೂತು ಮಾತಾಡೋಣ. ದುಡ್ಡಿನ ವಿಷಯ ಏನಿದ್ರೂ ಸರಿ ಮಾಡ್ತೀನಿ. ಬೇಕಾದ್ರೆ ಎರಡನೇ ಪ್ಯಾಕೇಜಿನದ್ದು ವಾಪಸ್ಸು ಕೊಡ್ತೀನಿ. ಈಗ ಹೊರಡಿ."

ದುಡ್ಡು ವಾಪಸ್ಸು ಅನ್ನುವ ಮಾತು ಅವನ ಬಾಯಲ್ಲಿ ಬಂದದ್ದೇ ತಡ, ದೊಡ್ಡಕ್ಕನಿಗೆ ಒಂದು ಸಂಗತಿ ಹೊಳೆಯಿತು. ಈ ಮನುಷ್ಯ ಬೆಳಗ್ಗೆಯಿಂದ ಗಡಿಯಾರ ನೋಡುತ್ತಿರುವುದು ರುಜುವಿಗೆ ಅವಸರವಾಗಿ ಅಲ್ಲ. ಹನ್ನೊಂದೂವರೆಗೆ ಇಲ್ಲಿಗೆ ಯಾರೋ ಬರುವವರಿದ್ದಾರೆ. ಅವರು ಬರುವ ಹೊತ್ತಿಗೆ ತಾವಿಬ್ಬರೂ ಇಲ್ಲಿ ಇರಬಾರದು.

"ಹಿಂದಿನ ಬಾಗಿಲಲ್ಲಿ ಹೋಗೋಕೆ ನಾವು ಕದ್ದು ಬಂದವರಲ್ಲ," ಎಂದಳು. "ಬಂದ ಬಾಗಿಲಲ್ಲೇ ಹೋಗ್ತೀವಿ. ಹೋಗಬೇಕು ಅನ್ನಿಸಿದಾಗ."

ಹೊರಗೆ ಗೇಟು ಕಿರುಗುಟ್ಟಿತು. ವ್ಯಾನೊಂದು ಜಲ್ಲಿಕಲ್ಲಿನ ಮೇಲೆ ಬಂದು ನಿಂತ ಸದ್ದು. ಡೈರೆಕ್ಟರ್ ಬಾಗಿಲ ಕಡೆ ನುಗ್ಗಿದ. ದೊಡ್ಡಕ್ಕ ಕುರ್ಚಿಯಲ್ಲಿ ಕೂತಲ್ಲಿಂದಲೇ ಕಾಲು ಚಾಚಿ ಅವನ ದಾರಿಗೆ ಅಡ್ಡ ಇಟ್ಟಳು. ಅರವತ್ತೆರಡು ವರ್ಷದ ಕಾಲು. ಅದನ್ನು ತುಳಿದು ಹೋಗುವ ಧೈರ್ಯ ಅವನಿಗೆ ಬರುವಷ್ಟರಲ್ಲಿ ಹೊರಗಿನ ಮಾತು ಒಳಗೆ ಕೇಳಿಸಿತು.

"ಹೆದರಬೇಡಿ ಅಮ್ಮ, ಮೆಟ್ಟಿಲು ನೋಡಿಕೊಂಡು. ನಿಮ್ಮ ಮಗ ಇನ್ನು ನಮ್ಮ ಮಗ. ನನ್ನನ್ನೇ ನೋಡಿ, ನಾನೂ ಇಲ್ಲೇ ಗುಣವಾದವನು. ಮೂರು ಪ್ಯಾಕೇಜು. ಮನೆಯವರು ಮೆಷಿನ್ ಮಾರಿ ಕಟ್ಟಿದರು. ಇವತ್ತು ನೋಡಿ ಹೇಗಿದ್ದೀನಿ."

ನಾದಿನಿ ಎದ್ದು ನಿಂತಳು. ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಐವತ್ತೆಂಟು ದಿನ ಕೇಳದ ದನಿ.

ಬಾಗಿಲು ತೆರೆಯಿತು. ಮೊದಲು ಬಂದದ್ದು ಅತ್ತು ಮುಖ ಊದಿಕೊಂಡ ತಾಯಿ. ಅವಳ ಹಿಂದೆ ಇಬ್ಬರು ಕಾವಲಿನವರ ನಡುವೆ ತಲೆ ಜೋತು ಬಿಟ್ಟುಕೊಂಡ ಅವಳ ಮಗ. ಅವನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕೊನೆಗೆ ಬಂದವನು ಎತ್ತರದ ಆಳು. ಮೈಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರ್ಟು, ಎದೆಯ ಮೇಲೆ ಕೇಂದ್ರದ ಬಿಲ್ಲೆ. ಚೀಲದ ಪಟ್ಟಿ ಹಿಡಿದಿದ್ದ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು.

ತಮ್ಮ.

ಅವನು ದೊಡ್ಡಕ್ಕನನ್ನು ನೋಡಿದ. ಹೆಂಡತಿಯನ್ನು ನೋಡಿದ. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಅವನು ಇನ್ನೆರಡು ಹೆಜ್ಜೆ ಮುಂದೆ ಬಂದು ಚೀಲವನ್ನು ಮೇಜಿನ ಪಕ್ಕ ಇಳಿಸಲು ಬಾಗಿದ. ಬಾಗಿದಾಗ ಅವನ ಉಸಿರು ದೊಡ್ಡಕ್ಕನ ಮುಖಕ್ಕೆ ತಾಗಿತು. ಮೇಲೆ ಪೆಪ್ಪರ್‌ಮಿಂಟಿನ ವಾಸನೆ. ಅದರ ಕೆಳಗೆ, ಬೆಳಗಿನ ಹನ್ನೊಂದೂವರೆ ಗಂಟೆಗೆ, ಹತ್ತು ವರ್ಷ ಅವರ ಮನೆಯನ್ನು ಸುಟ್ಟ ಅದೇ ಕುಡಿತದ ವಾಸನೆ.

ಅವನು ನೆಟ್ಟಗೆ ನಿಂತು, ಹೆಂಡತಿಯ ಮುಖದ ಮೇಲಿಂದ ಕಣ್ಣು ತೆಗೆಯದೆ, ಗುರುತೇ ಇಲ್ಲದವನ ದನಿಯಲ್ಲಿ ಡೈರೆಕ್ಟರನನ್ನು ಕೇಳಿದ.

"ಸರ್, ಇವರಿಬ್ಬರಲ್ಲಿ ಪೇಶಂಟ್ ಯಾರು?"